ಗೋಡೆಯ ಮೇಲಿನ ಗ್ರಹ

ಪಕ್ಕದ ಕೋಣೆಯಲ್ಲಿ ಪರ ಪರ ಎಂದು ಗೋಡೆ ಕೆರೆಯುವ ಸದ್ದು. ಚುಕ್ಕಿ ಮೌಸಿನ ಮೇಲಿಟ್ಟ ಕೈಯನ್ನು ಅಲುಗಿಸದೆ ಕೇಳುತ್ತಾ ಕುಳಿತಳು. ಕೆರೆಯುತ್ತಿದ್ದವನು ಪೇಂಟರ್, ಕರೆಸಿದವನು ಅಪ್ಪ. ಕಾಯಿಲೆಯ ವರ್ಷಗಳಲ್ಲಿ ಅಮ್ಮ ಮಂಚದ ಮೇಲೆ ಅದೇ ಗೋಡೆಗೆ ತಲೆಯೊರಗಿಸಿ ಕೂರುತ್ತಿದ್ದಳು. ಕೂದಲಿನ ಎಣ್ಣೆ ಇಳಿದೂ ಇಳಿದೂ ಅಲ್ಲಿ ತಟ್ಟೆಯಗಲದ ಕಂದು ಜಿಡ್ಡು ಕಟ್ಟಿತ್ತು. ಅಮ್ಮ ಹೋದಳು, ಜಿಡ್ಡು ಹೋಗಲಿಲ್ಲ. ಅಂದಿನಿಂದ ಅಪ್ಪ ಆ ಕೋಣೆಗೆ ಕಾಲಿಟ್ಟಿಲ್ಲ. ಹಜಾರದ ಕುರ್ಚಿಯಲ್ಲೇ ಮಲಗಿ, ಬೆಳಗಾದರೆ ಕತ್ತು ಹಿಡಿದುಕೊಂಡು ಏಳುತ್ತಾನೆ.

ಚುಕ್ಕಿ ಎಂಬುದು ಫೋಟೊ ಅಂಗಡಿಯವರು ಇಟ್ಟ ಹೆಸರು. ಗಿರಾಕಿಗಳ ಮುಖದ ಸುಕ್ಕು, ಮೊಡವೆ ಅಳಿಸುವುದು ಅಲ್ಲಿ ಅವಳ ಕೆಲಸ. ಬಿಡುವಾದಾಗ ಅದೇ ಸಾಫ್ಟ್‌ವೇರಿನಲ್ಲಿ ಬಾಹ್ಯಾಕಾಶ ಕಟ್ಟುತ್ತಾಳೆ. ಸೀದ ಹಾಲಿನ ಪಾತ್ರೆಯ ತಳ, ತುಕ್ಕು ಹಿಡಿದ ಟ್ರಂಕಿನ ಮುಚ್ಚಳ, ಎಲ್ಲದರ ಫೋಟೊ ತೆಗೆದು ಗೋಳಕ್ಕೆ ಸುತ್ತುತ್ತಾಳೆ. ಒಂದು ಮಗ್ಗುಲನ್ನು ಕತ್ತಲಿಗೆ ಬಿಟ್ಟು, ಇನ್ನೊಂದರ ಅಂಚಿಗೆ ತೆಳ್ಳಗೆ ನೀಲಿ ಬೆಳಕು ಹಚ್ಚಿ, ಸುತ್ತ ಚುಕ್ಕಿ ಚೆಲ್ಲಿದರೆ ಗ್ರಹ ಸಿದ್ಧ.

"ನಿಮ್ಮನೇಲಿ ಪಾತ್ರೆ ತೊಳೆಯೋದೇ ಇಲ್ವೇನಮ್ಮ? ವಾರಕ್ಕೊಂದು ಗ್ರಹ ಹುಟ್ಟುತ್ತಲ್ಲ!" ಎಂದು ಅಂಗಡಿಯ ಯಜಮಾನ ಕಾಲೆಳೆಯುತ್ತಾನೆ.

ಈಗ ಪರದೆಯ ಮೇಲಿದ್ದ ಕಂದು ಗ್ರಹ ಅಮ್ಮನ ಜಿಡ್ಡು. ಪೇಂಟರ್ ಬರುವ ಮೊದಲೇ ಯಾರಿಗೂ ಹೇಳದೆ ಫೋಟೊ ತೆಗೆದಿಟ್ಟುಕೊಂಡಿದ್ದಳು.

ಬಣ್ಣ ಬಳಿದದ್ದಾಯಿತು. ಒಣಗಿದ ಮೇಲೆ ಜಿಡ್ಡು ಮತ್ತೆ ಮುಖ ತೋರಿಸಿತು. ಮತ್ತೆ ಬಳಿದರೂ ಅದೇ ಕಥೆ.

"ಒಳಗಿಂದ ಎಣ್ಣೆ ಎದ್ದು ಬರ್ತಿದೆ, ಯಜಮಾನ್ರೇ. ಏನಾದ್ರೂ ತಗಲಿಹಾಕಿ ಮುಚ್ಬಿಡಿ," ಎಂದು ಪೇಂಟರ್ ಕೈಚೆಲ್ಲಿದ.

ಅಪ್ಪ ಚುಕ್ಕಿಯ ಬೆನ್ನ ಹಿಂದೆ ಬಂದು ನಿಂತು ಪರದೆಯ ಮೇಲಿನ ಕಂದು ಗ್ರಹ ನೋಡಿದ. "ಚೆನ್ನಾಗಿದೆ ಕಣೇ ಇದು. ದೊಡ್ಡದಾಗಿ ಪ್ರಿಂಟ್ ಹಾಕಿಸು. ಆ ಜಾಗ ಕಣ್ಣಿಗೆ ಬೀಳದಿದ್ರೆ ನಾನೂ ಮಂಚದ ಮೇಲೆ ಮೈ ಚಾಚ್ತೀನಿ."

"ಬೇರೆ ಇದೆಯಪ್ಪ, ನೀಲಿದು..."

"ಇದೇ ಇರ್ಲಿ ಬಿಡು."

ಇದು ಆ ಜಿಡ್ಡೇ ಎಂದು ಹೇಳಿದರೆ ಅವನು ಮತ್ತೆ ಕುರ್ಚಿಗೇ. ಚುಕ್ಕಿ ಅದನ್ನೇ ಪ್ರಿಂಟಿಗೆ ಕಳಿಸಿದಳು.

ದಪ್ಪ ಕಾಗದದ ಗ್ರಹ ಗೋಡೆಗೇರಿತು. ಅಪ್ಪ ಗೊರಕೆ ಹೊಡೆದು ಮಲಗತೊಡಗಿದ. ಒಂದು ಮಧ್ಯಾಹ್ನ ಧೂಳು ಒರೆಸಲು ಹೋದ ಚುಕ್ಕಿಗೆ, ಗ್ರಹದ ಬೆಳಕಿನ ಮಗ್ಗುಲಲ್ಲಿ ನಸುಗಪ್ಪು ನೆರಳೊಂದು ಕಂಡಿತು. ಅವಳು ಬರೆದದ್ದಲ್ಲ. ಕಂಪ್ಯೂಟರಿನಲ್ಲಿ ಚಿತ್ರ ತೆರೆದು ನೋಡಿದಳು, ಅಲ್ಲಿ ಇರಲಿಲ್ಲ. ಕಾಗದ ಹಿಂದಿನಿಂದ ಸದ್ದಿಲ್ಲದೆ ಎಣ್ಣೆ ಕುಡಿಯುತ್ತಿತ್ತು. ಒರಗಿದ ತಲೆಯ ಅಳತೆಯಷ್ಟೇ ಇತ್ತು ನೆರಳು.

ಅಷ್ಟರಲ್ಲಿ ಅಪ್ಪ ಬಂದು, ದಿಂಬು ತಟ್ಟಿ, ಚಿತ್ರದ ಕೆಳಗೆ ಒರಗಿದ.

"ಇದರ ಕೆಳಗೆ ಮಲಗಿದ್ರೆ ಯಾರೋ ಜೊತೆಗಿದ್ದ ಹಾಗನ್ಸುತ್ತೆ ಕಣೇ. ಅಲ್ಲಿ ಯಾರಾದ್ರೂ ಇರ್ತಾರಾ?"

ಚುಕ್ಕಿ ಬಟ್ಟೆಯನ್ನು ಮುದುರಿ ಹಿಡಿದು ಬಾಗಿಲ ಕಡೆ ತಿರುಗಿದಳು.

"ಇಲ್ಲಪ್ಪ, ಬರೀ ಚಿತ್ರ ತಾನೇ, ಅಲ್ಲಿ ಯಾರೂ..." ಎನ್ನುತ್ತಲೇ ಹೊಸಿಲು ದಾಟಿದಳು.