ಯಲ್ಲಾಪುರದ ಆರನೇ ಟೇಕು

ನಮ್ಮ ಮನೆಯ ಮುಂದಿನ ಕೋಣೆಯನ್ನು ನಾಟಕ ಕಂಪನಿಯ ನಟಿಯೊಬ್ಬರಿಗೆ ನಾಲ್ಕು ತಿಂಗಳ ಮಟ್ಟಿಗೆ ಬಾಡಿಗೆಗೆ ಕೊಟ್ಟಾಗ ಅತ್ತೆ ಹಾಕಿದ ಷರತ್ತು ಒಂದೇ: ಬಣ್ಣ ಹಚ್ಚಿಕೊಂಡು ಮನೆಗೆ ಬರಬಾರದು. ಅವರು ನಗುತ್ತ ಒಪ್ಪಿದರು. ತೊಂಬತ್ತರ ದಶಕದ ನಡುಭಾಗ ಅದು. ಶಿರಸಿ ಪೇಟೆಯ ಅಂಚಿನ ಬಯಲಿನಲ್ಲಿ ತಗಡಿನ ಥಿಯೇಟರು ಎಬ್ಬಿಸಿ ಕಂಪನಿ ಕ್ಯಾಂಪು ಹಾಕಿತ್ತು. ಗದಗದ ಕಡೆಯ ಆ ನಟಿಗೆ ಆಗಲೇ ಐವತ್ತು ದಾಟಿತ್ತು. ಒಂಬತ್ತನೇ ವಯಸ್ಸಿಗೆ ಬಾಲಕೃಷ್ಣನಾಗಿ ರಂಗ ಹತ್ತಿದವರು, ನಾಯಕಿಯಾಗಿ ಇಪ್ಪತ್ತು ವರ್ಷ ಮೆರೆದು, ಈಗ ತಾಯಿಯ ಪಾತ್ರಕ್ಕೆ ಬಂದು ನಿಂತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರಿಗೆ ನಾನು ತಂಗಿ.

ನನಗೊಂದು ಚಾಳಿ ಇದೆ, ಜನರ ಬೆನ್ನು ನೋಡುವುದು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ತಲೆಯ ಮೇಲೆ ಪುಸ್ತಕ ಇಟ್ಟು ನಮ್ಮನ್ನು ಸಾಲಾಗಿ ನಡೆಸುತ್ತಿದ್ದರು. ಮುಂದಿನವಳ ಬೆನ್ನಿನ ಮೇಲೇ ಕಣ್ಣಿರಬೇಕು. ಆಗ ಅಂಟಿದ್ದು ಬಿಟ್ಟಿಲ್ಲ. ಅಕ್ಕ ಬಂದ ವಾರಕ್ಕೇ ನನಗೆ ಹೊಳೆಯಿತು, ಅವರ ಬೆನ್ನನ್ನು ನಾನು ಕಂಡೇ ಇಲ್ಲ ಎಂದು. ಮಜ್ಜಿಗೆ ಕೇಳಿಕೊಂಡು ಅಡುಗೆಮನೆಗೆ ಬಂದರೆ, ಹೊರಡುವಾಗ ಮುಖ ನಮ್ಮ ಕಡೆಗೇ ಇಟ್ಟುಕೊಂಡು ಅಡ್ಡಡ್ಡ ಹೆಜ್ಜೆ ಹಾಕುತ್ತ ಬಾಗಿಲು ದಾಟುತ್ತಿದ್ದರು.

"ಎಂತಕ್ಕೆ ಹೀಂಗೆ ಏಡಿ ನಡದಾಂಗೆ ನಡೀತ್ರಿ?" ಎಂದು ಅತ್ತೆ ಒಂದು ದಿನ ಕೇಳಿಯೇಬಿಟ್ಟರು.

"ಮಂದಿಗೆ ಬೆನ್ನ ತೋರಿಸಬಾರದ್ರಿ ಅಮ್ಮಾರ. ಸಣ್ಣಾಕಿ ಇದ್ದಾಗ ಸ್ಟೇಜಿನ ಮ್ಯಾಲೆ ಒಮ್ಮೆ ತೋರಿಸಿದ್ದೆ, ಕಂಪನಿ ಮಾಸ್ತರು ಅವತ್ತು ಗಂಗಾಳಕ್ಕ ಅನ್ನ ಹಾಕ್ಲಿಲ್ಲ. ಮುಖ ದುಡದ್ರ ಹೊಟ್ಟಿಗೆ, ಬೆನ್ನಿಗೆ ಯಾರೂ ಟಿಕೆಟ್ ತಗೊಂಡು ಬರಂಗಿಲ್ಲ ಅಂದ್ರು."

"ನಮ್ಮನೇಲಿ ಟಿಕೆಟ್ ಇಲ್ಲೆ. ಹೊಸ್ತಿಲು ಎಡವಿ ಬಿದ್ರೆ ಎತ್ತಲೆ ನಾನೇ ಬರಕು," ಎಂದರು ಅತ್ತೆ.

ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ನಾನೂ ಹೋದೆ. ಕುರ್ಚಿಗಳು ಬಹುಪಾಲು ಖಾಲಿ, ಅಲ್ಲಲ್ಲಿ ಚದುರಿದಂತೆ ಮೂವತ್ತು ಜನ. ಆದರೂ ಅಕ್ಕ ಕೊನೆಯ ಸಾಲಿನ ಖಾಲಿ ಬೆಂಚಿಗೂ ಮಾತು ಮುಟ್ಟಿಸಿದರು. ತಗಡಿಗೆ ಬಡಿದು ವಾಪಸು ಬಂದ ಆ ದನಿಗೆ ನನ್ನ ಮೈ ಜುಂ ಎಂದಿತು. ಬೆಳಿಗ್ಗೆ ನನ್ನ ಜೊತೆ ಕೂತು ಅವರೆಕಾಳು ಸುಲಿದವರು ಇವರೇನಾ?

ಆದರೆ ಮನೆಮನೆಗೆ ಕೇಬಲ್ಲು ಬಂದಿತ್ತು. ಶಿರಸಿಯದೇ ಕಡೆಯ ಕ್ಯಾಂಪು, ಮಳೆಗಾಲದೊಳಗೆ ತಗಡು ಬಿಚ್ಚುತ್ತೇವೆ ಎಂದು ಮಾಲೀಕರು ಹೇಳಿಬಿಟ್ಟಿದ್ದರು. ಅಕ್ಕನಿಗೆ ಮದುವೆಯಿಲ್ಲ, ಊರಿನಲ್ಲಿ ಮನೆಯಿಲ್ಲ. ಕ್ಯಾಂಪು ಇದ್ದಲ್ಲೇ ಅವರ ಊರು. ಅಷ್ಟರಲ್ಲಿ ಸಿನಿಮಾದವರು ಯಲ್ಲಾಪುರಕ್ಕೆ ಬಂದ ಸುದ್ದಿ ಬಂತು. ಅವರಿಗೆ ವಯಸ್ಸಾದ ಹೆಂಗಸೊಬ್ಬರು ಒಂದು ದಿನದ ಮಟ್ಟಿಗೆ ಬೇಕಾಗಿತ್ತು. ಮೆಚ್ಚಿದರೆ ಬೆಂಗಳೂರಿನಲ್ಲಿ ಧಾರಾವಾಹಿಗೂ ಕರೆಯುತ್ತಾರಂತೆ.

"ತಂಗಿ, ನೀ ನನ್ನ ಜೋಡಿ ಬಾ," ಎಂದರು ಅಕ್ಕ. "ಒಬ್ಬಾಕಿ ಹೋಗಾಕ ಅಂಜಿಕಿ ಬರ್ತೈತಿ."

ಸಾವಿರ ಜನರೆದುರು ಗುಡುಗಿದವರಿಗೆ ಅಂಜಿಕೆ! ನಾನು ಅತ್ತೆಯ ಮುಖ ನೋಡಿದೆ. "ಹೋಗ್ಬಾ. ಅವರಿಗೆ ಯಾರಿದ್ದ ಪಾಪ," ಎಂದರು ಅತ್ತೆ.

ಬೆಳಗಿನ ಬಸ್ಸಿಗೆ ಹೋದೆವು. ಯಲ್ಲಾಪುರದ ಹೊರಗೊಂದು ಮನೆಯ ಅಂಗಳದಲ್ಲಿ ಶೂಟಿಂಗು. ಕ್ಯಾಮೆರಾ ಜಗಲಿಯ ಮೇಲೆ. ಅದರ ಹಿಂದೆ ಹಗ್ಗ ಕಟ್ಟಿ ನೋಡಲು ಬಂದ ಜನರನ್ನೆಲ್ಲ ನಿಲ್ಲಿಸಿದ್ದರು. ದೃಶ್ಯ ಇಷ್ಟೇ. ಮಗಳನ್ನು ಕರೆದೊಯ್ಯಲು ಬಂದ ತಾಯಿಗೆ ಬೀಗರು ಕಳಿಸುವುದಿಲ್ಲ ಎನ್ನುತ್ತಾರೆ. ಆಕೆ ಮರುಮಾತಾಡದೆ, ಮಗಳಿಗೆಂದು ತಂದ ಚೀಲ ಹಿಡಿದುಕೊಂಡೇ ಅಂಗಳ ದಾಟಿ, ಬೇಲಿಬಾಗಿಲಿನ ದಣಪೆ ತೆರೆದು ಹೊರಟುಹೋಗಬೇಕು. ಕ್ಯಾಮೆರಾ ಹಿಂದಿನಿಂದ ನೋಡುತ್ತಿರುತ್ತದೆ.

ಮೊದಲ ಸಲ ಅಕ್ಕ ಮೂರು ಹೆಜ್ಜೆ ಹೋಗಿ ಸರಕ್ಕನೆ ಮುಖ ತಿರುಗಿಸಿದರು. ಕಣ್ಣಲ್ಲಿ ನೀರು ತುಂಬಿತ್ತು. ಜನ ಚಪ್ಪಾಳೆ ಹೊಡೆದರು.

"ಕಟ್. ಅಮ್ಮ, ತಿರುಗಬೇಡಿ. ಸುಮ್ನೆ ಹೋಗ್ತಾ ಇರಿ," ಎಂದರು ನಿರ್ದೇಶಕರು. ಚಿಕ್ಕ ವಯಸ್ಸಿನವರು, ಒಳ್ಳೆಯ ಮಾತಿನವರು.

ಎರಡನೆಯ ಸಲವೂ ತಿರುಗಿದರು. ಮೂರನೆಯ ಸಲ ಕುತ್ತಿಗೆಯಷ್ಟೇ ತಿರುಗಿತು. ನಾಲ್ಕರಲ್ಲಿ ಅಡ್ಡಡ್ಡ ನಡೆದರು. ಐದನೆಯ ಸಲ ದಣಪೆಯವರೆಗೆ ಹಲ್ಲು ಕಚ್ಚಿ ಹೋದರು, ಕಡೆಯಲ್ಲಿ ತಡೆಯಲಾಗದೆ ತಿರುಗಿಬಿಟ್ಟರು. ಬೇಕೆಂದು ಮಾಡುತ್ತಿರಲಿಲ್ಲ. ಹಿಂದೆ ಜನರಿದ್ದಾರೆಂದು ಗೊತ್ತಿದ್ದರೆ ಸಾಕು, ಆ ಕುತ್ತಿಗೆ ತಾನಾಗಿಯೇ ತಿರುಗುತ್ತಿತ್ತು.

"ಅಮ್ಮ, ನನಗೆ ನಿಮ್ಮ ಮುಖ ಬೇಡ," ಎಂದರು ನಿರ್ದೇಶಕರು. ಈಗ ದನಿ ಬೇರೆಯಾಗಿತ್ತು. ಅವರ ಸಹಾಯಕ ನನ್ನನ್ನು ಮೇಲಿಂದ ಕೆಳಗೆ ಅಳೆದು ನೋಡಿದ. "ಸಾರ್, ಇವರೂ ಅಷ್ಟೇ ಎತ್ತರ ಇದಾರೆ. ಅದೇ ಸೀರೆ ಉಡಿಸಿ ಕಳಿಸೋಣ. ಬೆನ್ನು ತಾನೆ, ಯಾರದಾದ್ರೇನು?"

ಅಕ್ಕ ಸೆರಗಿನ ಪಿನ್ನು ಬಿಚ್ಚತೊಡಗಿದರು. "ನೀನ ಮಾಡು ತಂಗಿ. ನನ್ನ ಕೈಲೆ ಆಗಂಗಿಲ್ಲ. ಕ್ಯಾಂಪು ಬಿಚ್ಚಿದ ಮ್ಯಾಲೆ ಎಲ್ಲೆರ ಅಡಗಿ ಕೆಲಸ ನೋಡ್ಕೋತೀನಿ."

ನಾನು ಅವರ ಕೈ ಹಿಡಿದುಕೊಂಡೆ. ನನಗೆ ತಿಳಿದದ್ದನ್ನು ಹೇಳಿದೆ.

"ಅಕ್ಕಾ, ನಮ್ಮತ್ತೆಯ ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅತ್ತೆ ಒಲೆ ಮುಂದೆ ದೋಸೆ ಹೊಯ್ಯುತ್ತಿದ್ದರು. ನಮ್ಮ ಕಡೆ ತಿರುಗಲೇ ಇಲ್ಲ. ಒಂದು ಭುಜ ಸ್ವಲ್ಪ ಮೇಲೆ ಹೋಯಿತು, ಅದನ್ನು ಇಳಿಸೋಕೆ ಮರೆತರು, ಅಷ್ಟೇ. ಮಕ್ಕಳು ತಿನ್ನೋದು ನಿಲ್ಲಿಸಿದವು. ನಾವು ಸೊಸೆಯಂದಿರು ಅತ್ತೆಯ ಮುಖ ನೋಡೋದು ಕಡಿಮೆ. ಸಿಟ್ಟು, ಸಂತೋಷ ಎಲ್ಲ ಬೆನ್ನಲ್ಲೇ ಗೊತ್ತಾಗೋದು."

ಅಕ್ಕ ನನ್ನನ್ನೇ ನೋಡಿದರು. "ದೋಸಿ ತಿರುವಿ ಹಾಕಿದ್ರೇನು?"

"ಇಲ್ಲ. ಕರಟಿ ಹೋಯಿತು."

ಅವರು ಸ್ವಲ್ಪ ಹೊತ್ತು ಅಂಗಳದ ಮೂಲೆಯಲ್ಲಿ ಒಬ್ಬರೇ ನಿಂತರು. ಆಮೇಲೆ ಪಿನ್ನು ಮತ್ತೆ ಚುಚ್ಚಿಕೊಂಡು ಬಂದು, "ಸಾಹೇಬ್ರ, ಇನ್ನೊಂದ ಸಲ ನೋಡ್ರಿ. ಆಗಲಿಲ್ಲಂದ್ರ ಈ ತಂಗೀನ್ನ ಕಳಸ್ರಿ," ಎಂದರು.

ಆರನೇ ಟೇಕು. ನಾನು ಹಗ್ಗದ ಹಿಂದೆ, ಜನರ ನಡುವೆ. ಭುಜ ಏರುತ್ತದೆಂದು ಕಾದೆ. ಅದು ಏರಲಿಲ್ಲ. ಅತ್ತೆಯನ್ನು ಅವರು ಎರವಲು ತರಲಿಲ್ಲ. ಮೊದಲ ಹೆಜ್ಜೆಗೆ ಬೆನ್ನು ನೆಟ್ಟಗಿತ್ತು, ಬೀಗರೆದುರು ಇನ್ನೂ ಮಾನ ಉಳಿಸಿಕೊಂಡ ಹೆಂಗಸಿನ ಬೆನ್ನು. ನಾಲ್ಕೈದು ಹೆಜ್ಜೆಗೆ ಚೀಲ ಬಲಗೈಯಿಂದ ಎಡಗೈಗೆ ಬಂತು, ಒಳಗಿನ ಉಂಡೆ, ಸೀರೆ ಈಗಷ್ಟೇ ಭಾರವಾದಂತೆ. ಅಂಗಳದ ನಡುವೆ ಕುತ್ತಿಗೆಯ ನರವೊಂದು ಎದ್ದು ಕಂಡಿತು. ತಿರುಗಿಬಿಡುತ್ತಾರೆ ಎಂದುಕೊಂಡೆ. ತಿರುಗಬೇಕೆಂಬ ಆ ಸೆಳೆತ ಈ ಸಲ ಮಗಳ ಕಡೆಗೇ ಎಳೆಯುತ್ತಿದೆ ಎಂದು ನನಗೆ ಆಗ ಕಂಡಿತು. ಅವರು ಅದನ್ನು ಬಚ್ಚಿಡಲಿಲ್ಲ, ತಡೆದು ಹಿಡಿದರು. ದಣಪೆ ಮುಟ್ಟುವಷ್ಟರಲ್ಲಿ ಆ ಬೆನ್ನಿಗೆ ಎಪ್ಪತ್ತು ವರ್ಷವಾಗಿತ್ತು. ನನ್ನ ಪಕ್ಕದ ಹೆಂಗಸೊಬ್ಬಳು "ಅಯ್ಯೋ, ಮಗಳನ್ನ ಕಳಿಸ್ರಾ!" ಎಂದು ಬೀಗರ ಪಾತ್ರದವನಿಗೆ ಕೂಗಿದಳು.

ನಿರ್ದೇಶಕರು ಕಟ್ ಎನ್ನಲಿಲ್ಲ. ಯಾರೂ ಎನ್ನಲಿಲ್ಲವಾದ್ದರಿಂದ ಅಕ್ಕ ದಣಪೆ ದಾಟಿ ರಸ್ತೆಗೆ ಬಿದ್ದು ನಡೆಯುತ್ತಲೇ ಹೋದರು. ನಾನು ಓಡಿದೆ. ಅತ್ತಿರುತ್ತಾರೆ, ಸೆರಗು ಕೊಟ್ಟು ಒರೆಸಬೇಕು ಎಂದುಕೊಂಡೇ ಓಡಿದ್ದು. ಹತ್ತಿರ ಹೋಗಿ ನೋಡಿದರೆ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣು ಒಣಗಿತ್ತು. ಇದ್ದಬದ್ದದ್ದನ್ನೆಲ್ಲ ಬೆನ್ನಿಗೆ ಕೊಟ್ಟು ಮುಖವನ್ನು ಖಾಲಿ ಬಿಟ್ಟಿದ್ದರು. ಅಂಥ ಖಾಲಿ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

"ಬರೋಬ್ಬರಿ ಆತೇನ?" ಎಂದರು.

ಅಷ್ಟರಲ್ಲಿ ನಿರ್ದೇಶಕರೇ ಏದುಸಿರು ಬಿಡುತ್ತ ಬಂದು ಅವರ ಕಾಲು ಮುಟ್ಟಿದರು. "ಅಮ್ಮ, ಬೆಂಗಳೂರಿಗೆ ಕರೀತೀನಿ. ನಿಮ್ಮ ವಿಳಾಸ ಕೊಡಿ."

ಅಕ್ಕ ಬಾಯಿ ತೆರೆದು ಕಂಪನಿಯ ಹೆಸರು ಹೇಳಹೊರಟವರು ಅರ್ಧಕ್ಕೇ ನಿಂತರು. ನಾನು ನಮ್ಮ ಮನೆಯ ಫೋನ್ ನಂಬರು ಬರೆಸಿದೆ. ಅತ್ತೆಯನ್ನು ಕೇಳಿರಲಿಲ್ಲ.

ತಗಡು ಬಿಚ್ಚಿದ ಮೇಲೂ ಅಕ್ಕ ನಮ್ಮ ಮುಂದಿನ ಕೋಣೆಯಲ್ಲೇ ಇದ್ದರು. ಇನ್ನೆಷ್ಟು ದಿನ ಎಂದು ಯಾರೂ ಕೇಳಲಿಲ್ಲ. ಒಂದು ಬೆಳಿಗ್ಗೆ ಬೆಂಗಳೂರಿನಿಂದ ಫೋನು ಬಂತು, ಅತ್ತೆ ಎತ್ತಿದರು. "ಇದಾರೆ. ನಮ್ಮನೇಲೇ ಇದಾರೆ. ತಲೆ ಮೀತಾ ಇದಾರೆ, ತಡೀರಿ, ಫೋನ್ ಇಡಬೇಡಿ ಮತ್ತೆ, ಕರೀತೆ," ಎನ್ನುತ್ತ ಫೋನನ್ನು ಮೇಜಿನ ಮೇಲಿಟ್ಟು, ಬಚ್ಚಲಿನ ಕಡೆಗೆ ಸೀರೆ ಎತ್ತಿ ಹಿಡಿದು ಓಡಿದರು.