ಪ್ರಸಂಗ ನಿಂತ ಭಾನುವಾರ

ತಾಯಲೂರಿನ ಹತ್ತಿರದ ನಮ್ಮ ಸಣ್ಣ ಚರ್ಚಿನ ಪಾದ್ರಿಗಳು ಮಂಗಳೂರಿನ ಕಡೆಯವರು. ಬಂದ ಹೊಸದರಲ್ಲಿ ನಮ್ಮ ತೆಲುಗು ಬೆರೆತ ಮಾತು ತಿಳಿಯದೆ ಎಲ್ಲದಕ್ಕೂ "ಆಗಲಿ, ನೋಡುವ" ಅನ್ನುತ್ತಿದ್ದರು. ಮಾತು ಕಲಿತ ಮೇಲೂ ಅದನ್ನು ಬಿಡಲಿಲ್ಲ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಹಾಗೆ ಅಂದರೆ ಕೆಲಸ ಆಯಿತೆಂದೇ ಅರ್ಥ. ಅವರ ಹಳೇ ಜೀಪಿನಲ್ಲಿ ರೋಗಿಗಳು, ಬಸುರಿಯರು, ರೇಷ್ಮೆಗೂಡಿನ ಚೀಲಗಳು, ಎಲ್ಲಕ್ಕೂ ಜಾಗವಿತ್ತು.

ಒಮ್ಮೆ ಹಿಪ್ಪುನೇರಳೆ ತೋಟದಲ್ಲಿ ಹಾವು ಕಚ್ಚಿದ ಹೆಂಗಸನ್ನು ಅವರೇ ಮುಳಬಾಗಿಲಿನ ಆಸ್ಪತ್ರೆಗೆ ಕರೆದುಕೊಂಡು ಹೊರಟರು. ಮುಳಬಾಗಿಲು ತಲುಪುವ ಮೊದಲೇ ಆಕೆ ಜೀವ ಬಿಟ್ಟಳು.

ಆ ಭಾನುವಾರ ಪೂಜೆಯಲ್ಲಿ ಉಪದೇಶದ ಪ್ರಸಂಗ ಹೇಳುತ್ತಿದ್ದ ಪಾದ್ರಿಗಳು ಮಧ್ಯದಲ್ಲೇ ನಿಲ್ಲಿಸಿದರು. "ಇವತ್ತು ನನ್ನಿಂದ ಆಗುವುದಿಲ್ಲ" ಎಂದು ಪೀಠದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಮಗ್ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಸತ್ತವಳ ತಾಯಿ ಎದ್ದುಹೋಗಿ ಅವರ ಪಕ್ಕದಲ್ಲಿ ಕುಳಿತಳು.

"ಸ್ವಾಮಿ, ನೀವು ಗಾಡಿ ನಿಧಾನ ಮಾಡಿದ್ರಿ ಅಂತ ನಾನು ಅಂದ್ಕೊಂಡಿಲ್ಲ."

"ದಾರಿಗೆ ಅಡ್ಡವಾಗಿ ಕುರಿಮಂದೆ ಬಂತಮ್ಮ. ನಿಲ್ಲಿಸಿದೆ."

"ನಿಲ್ಲಿಸ್ಲೇಬೇಕಲ್ಲ. ಅವೂ ಜೀವಗಳೇ ಅಲ್ವಾ?"

ಅವರು ಮುಖ ಮುಚ್ಚಿಕೊಂಡು ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾವು ಕಂಡಿರಲಿಲ್ಲ. ಆಕೆ ಅಳಲಿಲ್ಲ, ಅವರ ಬೆನ್ನು ಸವರುತ್ತಾ ಕೂತಿದ್ದಳು. ಬಹಳ ಹೊತ್ತಾದ ಮೇಲೆ, "ಏಳಿ ಸ್ವಾಮಿ, ಪೂಜೆ ಮುಗಿಸಿ. ಪ್ರಾರ್ಥನೇಲಿ ನನ್ನ ಮಗಳ ಹೆಸರು ಹೇಳಿ" ಅಂದಳು.

ಅವರು ಆಕೆಯ ಭುಜ ಹಿಡಿದು ಎದ್ದು ನಿಂತು ಹೆಸರು ಹೇಳಿದರು. ಆಗ ಆಕೆ ಅತ್ತಳು.