ಟಬ್ಬಿನಲ್ಲಿ ಒಂದು ಬೆರಳು ಕಡಿಮೆ

ಬಾಗಲಕೋಟೆಯ ನವನಗರದಾಚೆ, ಕಾರ್ಖಾನೆ ಶೆಡ್ಡುಗಳ ಸಾಲಿನಲ್ಲಿ, ದುಂಡೇಶ ಪ್ಯಾಕಿಂಗ್ ಮಷೀನ್ಸ್ ಎಂಬ ಕಂಪನಿಯಿದೆ. ಅಲ್ಲಿ ನೂರಾ ನಲವತ್ತು ಜನ ಸೇರಿ ಪಾಕೀಟು ತುಂಬುವ ಮಷೀನು ಮಾಡುತ್ತಾರೆ. ಶಾರವ್ವ ಒಬ್ಬಳೇ ಆ ಪಾಕೀಟುಗಳನ್ನು ಸೀಳುತ್ತಾಳೆ.

ಇದೆಂಥ ಕೆಲಸ ಎಂದು ತನ್ನೂರು ಶಿರೂರಿನಲ್ಲಿ ಅವಳನ್ನು ಕೇಳದವರಿಲ್ಲ. ಹೊಸ ಮಷೀನು ತಯಾರಾದ ಮೇಲೆ ಗಿರಾಕಿ ತನ್ನದೇ ಹಿಟ್ಟನ್ನೋ ಖಾರದ ಪುಡಿಯನ್ನೋ ನಾಲ್ಕು ಚೀಲ ಕಳಿಸುತ್ತಾನೆ. ಆ ನಾಲ್ಕು ಚೀಲದಲ್ಲೇ ಮಷೀನನ್ನು ವಾರಗಟ್ಟಲೆ ಓಡಿಸಿ ನೋಡಬೇಕು. ಅದು ತುಂಬಿ ಮುಚ್ಚಿದ್ದನ್ನು ಶಾರವ್ವ ಕತ್ತರಿಯಿಂದ ಸೀಳಿ, ನೀಲಿ ಟಬ್ಬಿಗೆ ಸುರಿದು, ತಿರುಗಿ ಮಷೀನಿನ ಬಾಯಿಗೆ ಹಾಕಬೇಕು. ಅದು ಮತ್ತೆ ಮುಚ್ಚುತ್ತದೆ, ಇವಳು ಮತ್ತೆ ಸೀಳುತ್ತಾಳೆ. ಸಂಜೆಗೆ ಗುಳೇದಗುಡ್ಡದ ಖಣದ ಕುಪ್ಪಸ ಯಾವ ಬಣ್ಣದ್ದೆಂದು ಅವಳಿಗೇ ಗುರುತು ಸಿಗುವುದಿಲ್ಲ.

"ಅದು ಮುಚ್ಚೂದು, ನೀ ಬಿಚ್ಚೂದು. ಗಂಡ-ಹೆಂಡ್ತಿ ಆದ್ರೆಲ್ಲಬೇ" ಎಂದು ಕಸ ಹೊಡೆಯುವ ಸಕ್ರವ್ವ ನಗುತ್ತಾಳೆ.

"ನನ್ನ ಗಂಡನ ಬಾಯಿ ಇಷ್ಟ ಸಸಾರ ಬಿಚ್ಚತಿರಲಿಲ್ಲ, ಸುಮ್ನಿರು."

ಗಂಡ ಅಮಾತೆಪ್ಪ ಸತ್ತು ಏಳು ವರ್ಷವಾಯಿತು. ಅವನು ಮಾರ್ಕೆಟ್ ಯಾರ್ಡಿನಲ್ಲಿ ತಕ್ಕಡಿ ಹಿಡಿಯುತ್ತಿದ್ದ. ಶಾರವ್ವ ಅಲ್ಲೇ ಕಾಳು ಹಸನು ಮಾಡುತ್ತಿದ್ದಳು. ರೈತನ ಪ್ರತಿ ಚೀಲಕ್ಕೂ ಎರಡು ಕಿಲೋ ಸೂಟು ಎಂದು ದಲಾಲರು ಮುರಿದುಕೊಳ್ಳುತ್ತಿದ್ದ ಕಾಲ ಅದು. ಸೂಟಿನ ವಿರುದ್ಧ ಯಾರ್ಡಿನಲ್ಲಿ ಹನ್ನೊಂದು ದಿನ ಧರಣಿ ನಡೆಯಿತು. ಮಗಳು ವಿದ್ಯಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾರವ್ವ ಎಲ್ಲರಿಗಿಂತ ಮುಂದೆ ಕೂತಿದ್ದಳು. ಅಕ್ಷರ ಕೂಡಿಸಿ ಓದಲು ಕಲಿತದ್ದೂ ಆ ಧರಣಿಯ ಚಪ್ಪರದಲ್ಲೇ. ಹನ್ನೊಂದನೆಯ ದಿನ ಲೇತ್ ಕೆಲಸದ ಹುಡುಗನೊಬ್ಬ ಬಂದು ಎಲ್ಲರೆದುರು ದಲಾಲಿ ಅಂಗಡಿಯ ತಕ್ಕಡಿ ಮಗುಚಿ, ತಟ್ಟೆಯ ತಳಕ್ಕೆ ಅಂಟಿಸಿದ್ದ ಸೀಸದ ತುಂಡನ್ನು ಕಿತ್ತು ತೋರಿಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಆ ಹುಡುಗನೇ ದುಂಡೇಶ.

ದಲಾಲ ಮಾತ್ರ ತಣ್ಣಗೆ ಹೇಳಿದ: "ತಕ್ಕಡಿ ಹಿಡಿಯಾವನ್ನ ಕೇಳ್ರಿ. ನನಗೇನ ಗೊತ್ತು?"

ತಕ್ಕಡಿ ಹಿಡಿಯುತ್ತಿದ್ದವನು ಅಮಾತೆಪ್ಪ. ಅವನ ಕೆಲಸ ಹೋಯಿತು. ದಲಾಲನ ಅಂಗಡಿ ಈಗಲೂ ಇದೆ, ಎರಡಂತಸ್ತಾಗಿದೆ. ಸೀಸದ ವಿಷಯ ತನಗೆ ಗೊತ್ತಿತ್ತೋ ಇಲ್ಲವೋ ಎಂದು ಅಮಾತೆಪ್ಪ ಸಾಯುವ ತನಕ ಹೆಂಡತಿಗೂ ಹೇಳಲಿಲ್ಲ. ಅವತ್ತಿನಿಂದ ಶಾರವ್ವ ಯಾರನ್ನೂ ನಂಬುವುದನ್ನು ಬಿಟ್ಟಳು. ಹಾಲು ಅಳೆಯುವವನ ಮಾಪಿನೊಳಗೆ ಬೆರಳಿಟ್ಟು ತಳ ಎಷ್ಟು ಮೇಲಿದೆ ಎಂದು ನೋಡುತ್ತಾಳೆ.

ದುಂಡೇಶ ಬೆಳೆದ. ಮೊದಲು ಬಾದಾಮಿಯ ಒಂದು ಶೇಂಗಾ ಅಂಗಡಿಗೆ ಕಾಲಿನಿಂದ ಒತ್ತಿ ಪಾಕೀಟು ಅಂಟಿಸುವ ಮಷೀನು ಮಾಡಿಕೊಟ್ಟ. ಅದರಲ್ಲಿ ಒಂದು ಸ್ಪ್ರಿಂಗು, ಒಂದು ತಂತಿ. ಎರಡೂ ಕಣ್ಣಿಗೆ ಕಾಣುತ್ತಿದ್ದವು. ಆಮೇಲೆ ಇಳಕಲ್ಲಿಗೆ ಸೀರೆ ಮಡಿಚಿ ಕವರಿಗೆ ತೂರಿಸುವ ಮಷೀನು. ಅದರ ಹಲ್ಲು ಚಕ್ರಗಳಿಗೆ ಜಾಳಿಗೆ ಬಂತು. ಹುಬ್ಬಳ್ಳಿ, ಸೊಲ್ಲಾಪುರಕ್ಕೆ ಹೋಗುವ ಹೊತ್ತಿಗೆ ಕೀಲಿ ಹಾಕಿದ ತಗಡಿನ ಕಪಾಟು ಬಂತು. ಈಗ ಕೀನ್ಯಾಕ್ಕೂ ಹೋಗುತ್ತವೆ. ಈಗಿನವಕ್ಕೆ ಒಂದು ಗಾಜಿನ ಪರದೆ, ಪರದೆ ತೆರೆಯಲು ಒಬ್ಬೊಬ್ಬರಿಗೊಂದು ಗುಟ್ಟಿನ ನಂಬರು. ಕಂಪನಿ ದಪ್ಪವಾದಂತೆಲ್ಲ ಮಷೀನಿನ ಹೊಟ್ಟೆ ಮುಚ್ಚುತ್ತ ಬಂತು ಎಂಬುದು ಶಾರವ್ವನ ತಕರಾರು.

ಆ ಪರದೆಯೊಳಗಿನ ಲೆಕ್ಕವನ್ನೆಲ್ಲ ಹಾಕುವವಳು ಅವಳ ಮಗಳು ವಿದ್ಯಾ. ಡಿಪ್ಲೊಮಾ ಮುಗಿಸಿ ಸೇರಿ ಐದು ವರ್ಷ. ಪರದೆಯ ಮೇಲೆ ಎಲ್ಲವೂ ಕನ್ನಡದಲ್ಲಿ ಬರುವಂತೆ ಮಾಡಿದ್ದೂ ಅವಳೇ. ಅದನ್ನು ದುಂಡೇಶ ಬಂದ ಗಿರಾಕಿಗಳಿಗೆಲ್ಲ ಎದೆಯುಬ್ಬಿಸಿ ತೋರಿಸುತ್ತಾನೆ.

ಹುನಗುಂದದ ಗಿರಣಿ ಮಾಲಕ ನೀಲಪ್ಪ, ಕಿಲೋ ಪಾಕೀಟಿನಲ್ಲಿ ಜೋಳದ ಹಿಟ್ಟು ಮಾರಲು ಒಂದು ಮಷೀನು ಕೊಂಡಿದ್ದ. ಅದರ ಪರೀಕ್ಷೆಗೆಂದು ಮಂಗಳವಾರ ತಾನೇ ಬಂದ. ಇಪ್ಪತ್ತು ಪಾಕೀಟು ಮೇಜಿನ ತಕ್ಕಡಿಗೇರಿದವು. ಇಪ್ಪತ್ತೂ ಸರಿಯಾಗಿ ಸಾವಿರ ಗ್ರಾಂ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ದುಂಡೇಶ, "ಎಲ್ಲಾರೂ ಚಾ ಕುಡದ ಬರ್ರಿ" ಎಂದ.

ಎಂದೂ ಚಹಾಕ್ಕೆ ಹತ್ತು ನಿಮಿಷ ಹೆಚ್ಚು ಕೊಡದವನು ಇವತ್ತು ತಾನಾಗಿ ಕಳಿಸುತ್ತಾನೆ? ಶಾರವ್ವ ಲೋಟ ಹಿಡಿದು ಹೊರಗೆ ನಿಂತಳು, ಕಿವಿ ಒಳಗಿತ್ತು. ಬಾಗಿಲು ಮುಚ್ಚಿತ್ತು. ಒಳಗೆ ಉಳಿದವರು ಮೂವರು: ದುಂಡೇಶ, ನೀಲಪ್ಪ, ವಿದ್ಯಾ. ಮಷೀನು ಓಡುತ್ತಿತ್ತು.

ಅರ್ಧ ತಾಸಿನ ಮೇಲೆ, ಬಾಗಿಲು ಮುಚ್ಚಿಕೊಂಡು ತುಂಬಿದ ಎರಡು ಕ್ರೇಟು ಪಾಕೀಟು ಸೀಳಲು ಬಂದವು. ಒಂದೊಂದರಲ್ಲಿ ಇಪ್ಪತ್ತು. ಶಾರವ್ವನ ಟಬ್ಬಿನ ಒಳಗೆ ಒಂದು ಬಿಳಿ ಪಟ್ಟಿಯಿದೆ. ಇಪ್ಪತ್ತು ಕಿಲೋ ಜೋಳದ ಹಿಟ್ಟು ಸುರಿದು, ಟಬ್ಬನ್ನು ಮೂರು ಸಲ ನೆಲಕ್ಕೆ ಕುಕ್ಕಿ, ಮೇಲೆ ಕೈಯಾಡಿಸಿದರೆ ಹಿಟ್ಟು ಪಟ್ಟಿಗೆ ಬಂದು ನಿಲ್ಲುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ, ಯಾರ್ಡಿನ ಚಟ. ಅವತ್ತು ಹಿಟ್ಟು ಪಟ್ಟಿಗಿಂತ ಒಂದು ಬೆರಳು ಕೆಳಗೆ ನಿಂತಿತು. ಸೀಳದ ಪಾಕೀಟು ಉಳಿದಿದೆಯೇ ಎಂದು ನೋಡಿದಳು. ನೆಲ ನೋಡಿದಳು. ಖಾಲಿ ಪಾಕೀಟುಗಳನ್ನು ಒಂದೊಂದಾಗಿ ಜಾಡಿಸಿದಳು. ಒಂದು ಬೆರಳು ಎಲ್ಲೂ ಸಿಗಲಿಲ್ಲ. ಎರಡನೆಯ ಕ್ರೇಟನ್ನು ಅವಳು ಸೀಳಲಿಲ್ಲ. ಮೂಲೆಗೆ ತಳ್ಳಿ ಗೋಣಿಚೀಲ ಮುಚ್ಚಿದಳು.

ಸಂಜೆ ಮನೆಯಲ್ಲಿ ವಿದ್ಯಾ ರೊಟ್ಟಿ ಬಡಿಯುತ್ತಿದ್ದಳು.

"ಇವತ್ತ ಚಾಕ್ಕ ಯಾಕ ಬರಲಿಲ್ಲ ನೀ?"

"ಕೆಲಸ ಇತ್ತಬೇ."

"ಎಂಥಾ ಕೆಲಸ?"

"ಸೆಟ್ಟಿಂಗು."

"ಎಷ್ಟ ಗ್ರಾಂದು?"

ವಿದ್ಯಾ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು. ಇನ್ನೊಂದನ್ನು ಬಡಿಯತೊಡಗಿದಳು. "ಎಲ್ಲಾ ಮಷೀನಿಗೂ ತೂಕ ಹೆಚ್ಚು-ಕಡಿಮಿ ಮಾಡೂ ಸೆಟ್ಟಿಂಗ್ ಇರ್ತೈತಿ. ಹಿಟ್ಟು ಒಂದೊಂದ ದಿನ ಒಂದೊಂದ ನಮೂನಿ ಬರ್ತೈತಿ. ಅದಕ್ಕ ಬೇಕು."

"ಹಿಟ್ಟಿಗೆ ಬೇಕೋ, ನೀಲಪ್ಪಗ ಬೇಕೋ?"

"ಯವ್ವಾ, ರೊಟ್ಟಿ ಸೀಯಾಕತ್ತೈತಿ."

"ಸೀಯಲಿ. ನಿನ್ನ ಗುಟ್ಟಿನ ನಂಬರ ಏನೈತಿ ಹೇಳು."

"ಹೇಳಾಂಗಿಲ್ಲ."

"ಹೆತ್ತಾಕಿಗೂ?"

"ಹೆತ್ತಾಕಿಗಂತೂ ಹೇಳಾಂಗಿಲ್ಲ. ನಾಳೆ ಗೇಟಿನ ಮುಂದ ಹಲಗಿ ಬಾರಸ್ತಿ ನೀ."

ಮಾತು ನಗೆಯದಾಗಿತ್ತು, ಮುಖದಲ್ಲಿ ನಗೆ ಇರಲಿಲ್ಲ. ಇವಳ ಅಪ್ಪನ ಬಾಯಿಯೂ ಹೀಗೇ ಮುಚ್ಚುತ್ತಿತ್ತು. ಶಾರವ್ವ ಕರಿಕಾದ ರೊಟ್ಟಿಯನ್ನೇ ಮುರಿದು ತಿಂದಳು.

ಎರಡು ದಿನ ಅವಳ ತಲೆಯಲ್ಲಿ ಒಂದೇ ಮಾತು ತಿರುಗಿತು. ಮಗಳು ಸೀಸ ಅಂಟಿಸಿದ್ದಾಳೆಯೇ, ಇಲ್ಲವೇ? ಬಾಯಿ ಬಿಟ್ಟರೆ ಬೆರಳು ಯಾರ ಕಡೆಗೆ ತಿರುಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಮ್ಮೆ ಗಂಡನ ಕೆಲಸ ಹಾಗೇ ಹೋಗಿತ್ತು. ಸುಮ್ಮನಿರುವುದಕ್ಕೆ ಇಷ್ಟು ಕಾರಣ ಸಾಕು. ಆದರೆ ಸುಮ್ಮನಿದ್ದರೆ ಮಗಳ ಮುಖ ಕಂಡಾಗಲೆಲ್ಲ ಅನುಮಾನಿಸಬೇಕು. ಅಮಾತೆಪ್ಪನನ್ನು ಹಾಗೆ ಅನುಮಾನಿಸುತ್ತಲೇ ಹದಿನೆಂಟು ವರ್ಷ ಬಾಳುವೆ ಮಾಡಿದ್ದಳು. ಇನ್ನೊಮ್ಮೆ ಅದು ತನ್ನಿಂದಾಗದು.

ಶುಕ್ರವಾರ ಮಷೀನಿಗೆ ಪೂಜೆ. ಲಾರಿ ಗೇಟಿಗೆ ಬಂದಿತ್ತು. ನೂರಾ ನಲವತ್ತು ಜನವೂ ಶೆಡ್ಡಿನಲ್ಲಿ ಸೇರಿದ್ದರು. ನೀಲಪ್ಪ ಪೇಡೆ ತಂದಿದ್ದ. ಕಾಯಿ ಒಡೆದು, ಮಷೀನು ಇಪ್ಪತ್ತು ಪಾಕೀಟು ಉದುರಿಸಿತು. ಶಾರವ್ವ ಅವನ್ನು ಅಲ್ಲೇ ಸೀಳಿ ನೀಲಿ ಟಬ್ಬಿಗೆ ಸುರಿದಳು. ಮೂರು ಸಲ ಕುಕ್ಕಿದಳು. ಹಿಟ್ಟು ಪಟ್ಟಿಗೆ ಬಂತು. ಆಮೇಲೆ ಮೂಲೆಯ ಕ್ರೇಟು ಎಳೆದು ತಂದು, ಅದರಲ್ಲಿ ಒಂದು ಪಾಕೀಟನ್ನು ಬಗಲಿಗಿಟ್ಟುಕೊಂಡು, ಉಳಿದ ಹತ್ತೊಂಬತ್ತನ್ನೂ ಇಂಥದೇ ಇನ್ನೊಂದು ಟಬ್ಬಿಗೆ ಸೀಳತೊಡಗಿದಳು.

"ಶಾರಕ್ಕಾ, ಈಗ್ಯಾಕ ಅದು?" ಎಂದ ದುಂಡೇಶ.

"ಮಂಗಳವಾರದ್ದು ಉಳದಿತ್ರಿ. ಪೂಜಿ ದಿನ ಬಾಕಿ ಇಟ್ಕೋಬಾರದು." ಕೊನೆಯದನ್ನೂ ಸುರಿದು, ಟಬ್ಬನ್ನು ಮೂರು ಸಲ ಕುಕ್ಕಿ, ಬಗಲಿನದನ್ನು ತಕ್ಕಡಿಯ ಪಕ್ಕ ಇಟ್ಟಳು. "ಇದನ್ನಷ್ಟ ತೂಗರಿ. ಹತ್ತೊಂಬತ್ತಕ್ಕ ಎಷ್ಟ ಇಳೀಬೇಕೋ ಅದಕ್ಕಿಂತ ಕೆಳಗ ಇಳದೈತಿ ಹಿಟ್ಟು."

"ಹಿಟ್ಟು ಕುಂತೈತಬೇ" ಎಂದ ನೀಲಪ್ಪ, ಪೇಡೆ ಹಂಚುತ್ತಲೇ. "ಮೂರ ದಿನದ್ದು."

"ಕುಂತ ಹಿಟ್ಟಿಗೆ ತೂಕ ಕಡಿಮಿ ಆಗ್ತೈತೇನ್ರಿ? ಕುಂತ ಮಂದಿಗೆ ಹೆಚ್ಚಾಗೂದು ನೋಡೇನಿ ನಾ."

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನೀಲಪ್ಪ ತನ್ನ ಹೊಟ್ಟೆಯನ್ನು ನೋಡಿಕೊಂಡ. ಸಕ್ರವ್ವ ಕಸಬರಿಗೆ ಬಿಟ್ಟು ಬಂದು ಪಾಕೀಟನ್ನು ತಕ್ಕಡಿಗೆ ಇಟ್ಟೇಬಿಟ್ಟಳು. ಒಂಬೈನೂರಾ ಎಪ್ಪತ್ತು. ಪಾಕೀಟಿನ ಮೇಲೆ ಅಚ್ಚಾದದ್ದು ಒಂದು ಕಿಲೋ.

ದುಂಡೇಶ ತಕ್ಕಡಿ ನೋಡಿದ, ಜನರನ್ನು ನೋಡಿದ, ಕಡೆಗೆ ವಿದ್ಯಾಳ ಕಡೆ ತಿರುಗಿದ.

"ಏನಿದು ವಿದ್ಯಾ? ಸೆಟ್ಟಿಂಗ್ ನೋಡಾಕಿ ನೀನು. ನನಗೇನ ಗೊತ್ತು?"

ಶಾರವ್ವನ ಕೈಯ ಕತ್ತರಿ ಹಿಟ್ಟಿನೊಳಗೆ ಬಿತ್ತು. ಅದೇ ಮಾತು. ಅಂದು ತಕ್ಕಡಿ ಮಗುಚಿದವನ ಬಾಯಲ್ಲಿ ಇಂದು ದಲಾಲನ ಮಾತು. ತಾನೇ ಬೆರಳು ತೋರಿಸಿದ್ದಳು, ಅದು ಮತ್ತೆ ತನ್ನ ಮನೆಯ ಕಡೆಗೇ ತಿರುಗಿತು.

ವಿದ್ಯಾ ಪರದೆಯ ಹತ್ತಿರ ಹೋಗಿ ಎರಡು ಕಡೆ ಒತ್ತಿದಳು. ಒಂದು ಪಟ್ಟಿ ತೆರೆಯಿತು.

"ಯವ್ವಾ, ಬಾ ಇಲ್ಲೆ. ಇದನ್ನ ಓದು. ಜೋರಾಗಿ ಓದು."

ಶಾರವ್ವ ಬೆರಳಿಟ್ಟುಕೊಂಡು, ಚಪ್ಪರದಲ್ಲಿ ಕಲಿತಂತೆಯೇ, ಒಂದೊಂದು ಅಕ್ಷರ ಕೂಡಿಸಿ ಓದಿದಳು: "ಮಂಗಳವಾರ. ಮೂರು ನಲವತ್ತು. ತೂಕ ಒಂಬೈನೂರಾ ಎಪ್ಪತ್ತು. ಬದಲಿಸಿದವರು: ಮಾಲಕರು."

"ಯಾರು ಏನ ಬದಲಿ ಮಾಡಿದ್ರೂ ಮಷೀನು ಬರದಿಟ್ಕೋತೈತಿ ಸರ್" ಎಂದಳು ವಿದ್ಯಾ. "ಆವತ್ತ ನೀವು ಹಾಕು ಅಂದ್ರಿ. ನನ್ನ ನಂಬರಿನಿಂದ ಆಗಾಂಗಿಲ್ಲ, ನಿಮ್ಮದ ಒತ್ರಿ ಅಂದೆ. ನೀವ ಒತ್ತಿದ್ರಿ."

"ನಿನ್ನ ನಂಬರಿನಿಂದ ಆಗ್ತಿರಲಿಲ್ಲೇನು?" ಎಂದ ದುಂಡೇಶ.

"ಆಗ್ತಿತ್ತು."

ಯಾರೋ ಶಿಳ್ಳೆ ಹೊಡೆದರು. ನೀಲಪ್ಪನಿಗೆ ನಾಚಿಕೆಯೇನೂ ಆದಂತೆ ಕಾಣಲಿಲ್ಲ. ಉಳಿದ ಪೇಡೆಯನ್ನು ಬಾಯಿಗೆ ಹಾಕಿಕೊಂಡು, "ನಿಮ್ಮಲ್ಲಿ ಆಗದಿದ್ರ ಮಾಡಿಕೊಡಾವ್ರು ಬ್ಯಾರೆ ಊರಾಗ ಅದಾರ" ಎಂದ. ದುಂಡೇಶ ನೂರಾ ನಲವತ್ತು ಜನರ ಕಣ್ಣೆದುರು ಆ ಸೆಟ್ಟಿಂಗು ಅಳಿಸಿದ. ಇಬ್ಬರನ್ನೂ ಕೆಲಸದಿಂದ ತೆಗೆಯಲಿಲ್ಲ. ದೊಡ್ಡ ಮನಸ್ಸಿನಿಂದಲ್ಲ: ಅಷ್ಟು ಜನ ಕೇಳಿಸಿಕೊಂಡಿದ್ದರು, ವಿದ್ಯಾ ಇಲ್ಲದೆ ಅವನ ಪರದೆಗಳು ಓಡುವುದಿಲ್ಲ. ಮಷೀನು ಕಡೆಗೆ ಹುನಗುಂದಕ್ಕೇ ಹೋಯಿತು. ಅಲ್ಲಿ ಅದು ಎಷ್ಟು ತೂಗುತ್ತದೆ ಎಂಬುದು ಅಲ್ಲಿಯವರಿಗೆ ಬಿಟ್ಟದ್ದು.

ಸಂಜೆ ಶಿರೂರಿನ ದಾರಿಯಲ್ಲಿ, ಮಗಳ ಸ್ಕೂಟಿಯ ಹಿಂದೆ ಕೂತ ಶಾರವ್ವ ಕೇಳಿದಳು: "ನೀ ಒತ್ತಲಿಲ್ಲ, ಖರೆ. ಅವಾ ಒತ್ತೂದ ನೋಡಕೊಂತ ನಿಂತಿಯಲ್ಲ?"

"ನಿಂತೆ."

"ನಾ ಕ್ರೇಟು ಮುಚ್ಚಿಡದಿದ್ರ ಆ ಪಟ್ಟಿ ತಗದ ತೋರಸ್ತಿದ್ದಿಯೇನ?"

ಎಮ್ಮೆಗಳು ಅಡ್ಡ ಬಂದಿದ್ದವು. ವಿದ್ಯಾ ಹಾರ್ನ್ ಒತ್ತಿದಳು. ಎಮ್ಮೆ ದಾಟಿದ ಮೇಲೆ ಸ್ಕೂಟಿ ಜೋರು ಮಾಡಿದಳು. ಶಾರವ್ವ ಇನ್ನೊಮ್ಮೆ ಕೇಳಲಿಲ್ಲ. ಮಗಳು ಸೀಸ ಅಂಟಿಸಿದವಳಲ್ಲ, ಅಷ್ಟು ಗೊತ್ತಾಯಿತು. ಉಳಿದದ್ದು ಗೊತ್ತಾಗಲಿಲ್ಲ.

ಶನಿವಾರ ಬೆಳಿಗ್ಗೆ ನೋಡಿದರೆ ಅವಳ ನೀಲಿ ಟಬ್ಬು ಇರಲಿಲ್ಲ. ಆ ಜಾಗದಲ್ಲಿ ಹೊಸದೊಂದು ಕುಳಿತಿತ್ತು. ಕರಿ ಬಣ್ಣದ್ದು, ಮೊದಲಿನದರ ಎರಡು ಪಟ್ಟು ದೊಡ್ಡದು. ಒಳಗೆ ಪಟ್ಟಿಯೂ ಇಲ್ಲ, ಗುರುತೂ ಇಲ್ಲ.

"ಸಾಹೇಬ್ರು ಕಳಿಸ್ಯಾರ" ಎಂದಳು ಸಕ್ರವ್ವ. "ನಿನಗ ಭಾರ ಆಗಬಾರದಂತ."

"ಭಾರಿ ಕಾಳಜಿ."

ಶಾರವ್ವ ಇಪ್ಪತ್ತು ಪಾಕೀಟನ್ನು ಮೊದಲು ಒಂದೊಂದಾಗಿ ತಕ್ಕಡಿಗಿಟ್ಟು ನೋಡಿದಳು. ಆಮೇಲೆ ಸೀಳಿ ಸುರಿದಳು. ಟಬ್ಬನ್ನು ಮೂರು ಸಲ ಕುಕ್ಕಿದಳು, ಕೈಯಾಡಿಸಿದಳು. ಹಿಟ್ಟು ನಿಂತಲ್ಲಿ, ಕತ್ತರಿಯ ತುದಿಯಿಂದ, ಸುತ್ತಲೂ ಆಳವಾಗಿ ಒಂದು ಗೀರು ಎಳೆದಳು.